ಮೊದಲ ಹನಿಗೆ ಒಳಗ ಕರಿ

ಆಗಸ್ಟ್ 28, ಗುರುವಾರ

ನನ್ನ ಹೆಂಡತಿ ಲಕ್ಷ್ಮಿಬಾಯಿ ಇವತ್ತು ಇಡೀ ಏಕಸಂಬಿಯ ಮುಂದೆ ನನ್ನ ಬಾಯಿ ಕಟ್ಟಿಸಿದಳು. ಇದನ್ನು ಎಲ್ಲಾದರೂ ಬರೆದಿಡದಿದ್ದರೆ ನನ್ನ ಹೊಟ್ಟೆ ಒಡೆದು ಹೋಗುತ್ತದೆ.

ಇಂದಿನಿಂದ ಹತ್ತು ದಿನ ದಶಲಕ್ಷಣ ಪರ್ವ. ನಮ್ಮ ಬಸದಿಯಲ್ಲಿ ಚಾತುರ್ಮಾಸಕ್ಕೆ ಕೂತಿರುವ ಮುನಿ ಮಹಾರಾಜರು ಪ್ರವಚನ ಮುಗಿಸಿ, ಒಬ್ಬೊಬ್ಬರನ್ನೇ ಏನು ಬಿಡುತ್ತೀರಿ ಎಂದು ಕೇಳತೊಡಗಿದರು. ಒಬ್ಬ ಚಾ ಬಿಟ್ಟ, ಒಬ್ಬ ಸಕ್ಕರೆ ಬಿಟ್ಟ, ಮೊದಲೇ ಹಲ್ಲಿಲ್ಲದ ಒಬ್ಬರು ಶೇಂಗಾ ಬಿಟ್ಟರು. ನನ್ನ ಸರದಿ ಬಂದಾಗ ನಾನು ಶಲ್ಯದ ಮರೆಯಲ್ಲಿ ಮೊಬೈಲ್ ಹಿಡಿದು ಕೊಯಿಮತ್ತೂರು ಕಾರ್ ರೇಸಿನ ವೇಳಾಪಟ್ಟಿ ನೋಡುತ್ತಿದ್ದೆ. ಹೆಂಗಸರ ಕಡೆಯಿಂದ ಲಕ್ಷ್ಮಿಬಾಯಿ ಎದ್ದು ಏನೋ ಹೇಳಿದಳಂತೆ. ನಾನು ತಲೆ ಎತ್ತುವಷ್ಟರಲ್ಲಿ ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು, ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿದ್ದರು. ಆಶೀರ್ವಾದ ಇರಬೇಕು ಎಂದುಕೊಂಡು ಕೈಮುಗಿದು, ತಲೆ ಬಾಗಿಸಿ, ನಮೋಸ್ತು ಅಂದೆ. ಅಲ್ಲಿಗೆ ಮುಗಿಯಿತು. ಮಹಾರಾಜರ ಮುಂದೆ ತಲೆ ಬಾಗಿಸಿ ತೆಗೆದುಕೊಂಡ ನಿಯಮವನ್ನು ಮುರಿದವರು ನಮ್ಮ ಮನೆತನದಲ್ಲಿ ಇಲ್ಲ.

ನಿಯಮ ಏನು ಅಂತ ಚಪ್ಪಲಿ ಹಾಕಿಕೊಳ್ಳುವಾಗ ಪಕ್ಕದವರಿಂದ ಗೊತ್ತಾಯಿತು. ಮೂರು ದಿನ ಮೌನ. ಶುಕ್ರವಾರ ಸೂರ್ಯ ಹುಟ್ಟಿದಾಗಿನಿಂದ ಸೋಮವಾರ ಸೂರ್ಯ ಹುಟ್ಟುವತನಕ. ಬರೆಯಬಹುದು, ಬಾಯಿಂದ ಒಂದು ಅಕ್ಷರ ಬರಕೂಡದು. ಶುಕ್ರವಾರ ಅಭ್ಯಾಸದ ಓಟ, ಶನಿವಾರ ಯಾರು ಎಷ್ಟನೆಯವರಾಗಿ ನಿಲ್ಲಬೇಕೆಂದು ತೀರ್ಮಾನಿಸುವ ಓಟ, ರವಿವಾರ ರೇಸು. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಆಕೆಗೆ ಸಿಕ್ಕಿದ್ದು ಇವೇ ಮೂರು.

ಮನೆಗೆ ಬಂದು ಕೇಳಿದ್ದಕ್ಕೆ, “ಮನ್ಯಾಗ ಮೂರ ದಿನಾ ತಣ್ಣಗ ಇರಲಿ ಅಂತ ಬೇಡಿಕೊಂಡೇನ್ರಿ, ತಪ್ಪೇನೈತಿ?” ಅಂದಳು. ಮಾತು ಬೆಳ್ಳಿ ಮೌನ ಬಂಗಾರ ಅಂತಲೂ ಸೇರಿಸಿದಳು. ನನ್ನ ಟ್ರ್ಯಾಕ್ಟರ್ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಅರ್ಧ ಊರು ಬರುವುದು ಬೇರಿಂಗಿಗಲ್ಲ, ರೇಸಿನ ಬಗ್ಗೆ ನನ್ನ ಮಾತು ಕೇಳುವುದಕ್ಕೆ. ಅದು ಈಕೆಗೆ ಹೇಗೆ ತಿಳಿಯಬೇಕು?

ನಮ್ಮ ಸ್ನೇಹಲ್ ಕೊಯಿಮತ್ತೂರಿನಲ್ಲಿದ್ದಾಳೆ. ಒಬ್ಬಳೇ ಮಗಳು. ಹತ್ತು ವರ್ಷದವಳನ್ನು ಕೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಗೋ-ಕಾರ್ಟ್ ಎಂಬ ಪುಟ್ಟ ರೇಸು ಗಾಡಿಯಲ್ಲಿ ಕೂರಿಸಿದವನು ನಾನು. ಈಗ ಇಪ್ಪತ್ತೇಳು ನಂಬರಿನ ಕೆಂಪು ಕಾರಿನ ಎಂಜಿನಿಯರ್. ಟ್ರ್ಯಾಕಿನ ಪಕ್ಕದ ಗೋಡೆಯ ಹತ್ತಿರ ಕೂತು, ಕಾರು ಯಾವಾಗ ಒಳಗೆ ಬರಬೇಕು, ಯಾವ ಟೈರು ಹಾಕಬೇಕು ಎಂದು ಡ್ರೈವರ್ ವಿಕ್ರಾಂತನಿಗೆ ರೇಡಿಯೋದಲ್ಲಿ ಹೇಳುವುದು ಆಕೆಯ ಕೆಲಸ. ಜುಲೈ ಇಪ್ಪತ್ತರಂದು ಚೆನ್ನೈಯಲ್ಲಿ ಎರಡನೇ ಸ್ಥಾನದಲ್ಲಿದ್ದ ಕಾರನ್ನು ನಾಲ್ಕು ಹನಿ ಮಳೆಗೆ ಒಳಗೆ ಕರೆದು ಮಳೆ ಟೈರು ಹಾಕಿಸಿದಳು. ಎರಡು ಸುತ್ತಿನಲ್ಲಿ ಬಿಸಿಲು ಬಂತು. ಒಣ ರಸ್ತೆಯಲ್ಲಿ ಮಳೆ ಟೈರು ಕರಗಿ, ಕಾರು ಹನ್ನೊಂದನೆಯದಾಗಿ ಬಂತು. ತಂದೆಯಾದವನು ಫೋನ್ ಮಾಡಿ ನಾಲ್ಕು ಮಾತು ಹೇಳಬಾರದೇ? ಹೇಳಿದೆ. ಆವತ್ತಿನಿಂದ ನನ್ನ ಫೋನ್ ಎತ್ತುತ್ತಿಲ್ಲ. ಮೂವತ್ತೊಂಬತ್ತು ದಿನ. ತಾಯಿಯ ಜೊತೆ ದಿನಾ ಮಾತಾಡುತ್ತಾಳೆ. ಕೆಲಸ ಬಹಳ ಇರಬೇಕು.

ಆಗಸ್ಟ್ 29, ಶುಕ್ರವಾರ

ಅಭ್ಯಾಸದ ಮೊದಲ ಓಟವನ್ನು ಅಂಗಡಿಯಲ್ಲೇ ಮೊಬೈಲಿನಲ್ಲಿ ನೋಡಿದೆ. ಕ್ಯಾಮೆರಾದವನಿಗೆ ಮುಂದಿರುವ ಕಾರು ಬಿಟ್ಟು ಎಲ್ಲವೂ ಕಾಣುತ್ತದೆ. ಹಕ್ಕಿ ತೋರಿಸಿದ, ಮೋಡ ತೋರಿಸಿದ, ಐಸ್‌ಕ್ರೀಮ್ ತಿನ್ನುವ ಒಬ್ಬಳನ್ನು ಎರಡು ಸಲ ತೋರಿಸಿದ. ವೀಕ್ಷಕ ವಿವರಣೆ ಕೊಡುವವನು ವಿಕ್ರಾಂತನನ್ನು ಪುಣೆಯವನು ಅಂದ. ಅವನು ಕೊಲ್ಲಾಪುರದವನು. ಇದನ್ನು ತಿದ್ದಲು ಬಾಯಿ ತೆರೆದೆ, ನೆನಪಾಗಿ ಮುಚ್ಚಿದೆ. ಎದುರಿಗೆ ಫಿಲ್ಟರ್ ಕೊಳ್ಳಲು ನಿಂತಿದ್ದವನು ನನಗೆ ಹಲ್ಲುನೋವು ಎಂದುಕೊಂಡು ಲವಂಗ ಇಟ್ಟುಕೊಳ್ಳಲು ಹೇಳಿ ಹೋದ.

ಕಾರು ತಿರುವಿನಲ್ಲಿ ಮುಂದಿನಿಂದ ಹೊರಗೆ ಜಾರುತ್ತಿದೆ. ಕುರುಡನಿಗೂ ಕಾಣುತ್ತದೆ. ಸೋಮವಾರ ಹೇಳಬೇಕಾದ ಮಾತುಗಳನ್ನು ಈ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯಲು ಶುರು ಮಾಡಿದ್ದೇನೆ. ಮಧ್ಯಾಹ್ನದೊಳಗೆ ಒಂಬತ್ತಾದವು.

ಸಂಜೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಕಟ್ಟೆಗೆ ಕೂತಿದ್ದೆ. ಪಕ್ಕದ ಓಣಿಯ ಗಣಪತಿ ಮಂಡಳದವರು ಒಂದೇ ಹಾಡನ್ನು ನಿನ್ನೆಯಿಂದ ಹಾಕುತ್ತಿದ್ದಾರೆ. ಅವರ ಕ್ಯಾಸೆಟ್ಟಿಗೆ ಮಹಾರಾಜರು ಮೌನ ಕೊಟ್ಟಿದ್ದರೆ ಪುಣ್ಯ ಬರುತ್ತಿತ್ತು. ಆಗ ನನ್ನ ಫೋನ್ ರಿಂಗಾಯಿತು. ಸ್ನೇಹಲ್.

ಎತ್ತಿದೆ. ಹಲೋ ಅನ್ನುವ ಹಾಗಿಲ್ಲ.

“ಅಪ್ಪಾ, ನೀವು ಮಾತಾಡಂಗಿಲ್ಲಂತ ಆಯಿ ಹೇಳಿದ್ಲು. ಖರೇ ಏನ್ರಿ?” ಅಂದಳು. ಸ್ವಲ್ಪ ತಡೆದು, “ಕೇಳಾಕತ್ತಿದ್ರ ಏನರ ಒಮ್ಮೆ ಬಡೀರಿ,” ಅಂದಳು.

ಜೇಬಿನಲ್ಲಿ ಒಂದು ನಟ್ಟು ಇತ್ತು. ಕಟ್ಟೆಯ ಕಲ್ಲಿಗೆ ಒಮ್ಮೆ ಬಡಿದೆ. ಅದು ಮಾತಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರಿಗೆ ಚೀಟಿ ಬರೆದು ಕೇಳಬೇಕು.

ಹನ್ನೊಂದು ನಿಮಿಷ ಮಾತಾಡಿದಳು. ಹೋಟೆಲಿನಲ್ಲಿ ಎಲ್ಲದಕ್ಕೂ ಬಟಾಟಿ ಹಾಕುತ್ತಾರೆ, ಪರ್ವದಲ್ಲಿ ಗಡ್ಡೆಗೆಣಸು ತಿನ್ನುವಂತಿಲ್ಲವಲ್ಲ, ಮೂರು ಹೊತ್ತೂ ಇಡ್ಲಿ ತಿನ್ನುತ್ತಿದ್ದೇನೆ ಅಂದಳು. ಗೋಡೆಗೆ ಕೂರುವ ಹನ್ನೆರಡು ಜನರಲ್ಲಿ ಹೆಣ್ಣು ತಾನೊಬ್ಬಳೇ ಅಂತೆ, ಬೇರೆ ಟೀಮಿಗೆ ಹೊಸದಾಗಿ ಬಂದ ಒಬ್ಬ ಆಕೆಯನ್ನು ಊಟ ಹಂಚುವವಳೆಂದುಕೊಂಡು ನೀರು ಕೇಳಿದನಂತೆ. ಆಕೆ ಅವನಿಗೆ ನೀರು ಕೊಟ್ಟು, ನಿನ್ನ ಕಾರಿನ ಹಿಂದಿನ ಎಡ ಟೈರಿನಲ್ಲಿ ಗಾಳಿ ಕಡಿಮೆಯಿದೆ ಎಂದಳಂತೆ. ಅದು ಖರೆಯೂ ಆಗಿತ್ತಂತೆ. ಹೇಳಿ ನಕ್ಕಳು. ಆಕೆಯ ನಗು ಕೇಳಿ ಎಷ್ಟು ದಿನವಾಗಿತ್ತೋ, ನನ್ನ ಎದೆ ತುಂಬಿ ಬಂತು.

ಆದರೆ ಕಾರಿನ ಮುಂಭಾಗ ಜಾರುವುದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂಬತ್ತೂ ಮಾತು ನನ್ನ ಗಂಟಲಲ್ಲೇ ಉಳಿದವು. ಟವೆಲ್ ಕಚ್ಚಿಕೊಂಡು ಕೂತಿದ್ದೆ.

ಆಗಸ್ಟ್ 30, ಶನಿವಾರ

ಬಡಿಯುವುದಕ್ಕೆ ಅಡ್ಡಿಯಿಲ್ಲವಂತೆ. ಆದರೆ ನಟ್ಟಿನ ಬದಲು ಮಣಿ ಹಿಡಿದು ಜಪ ಮಾಡಿದರೆ ಫಲ ಹೆಚ್ಚು ಎಂದು ಉಪಾಧ್ಯೆಯವರು ನನ್ನ ಚೀಟಿಯ ಹಿಂದೆ ಬರೆದು ಕಳಿಸಿದರು. ಕೇಳಿದ್ದಕ್ಕಿಂತ ಹೆಚ್ಚು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇವತ್ತಿನ ಓಟ ನೋಡಲು ಭೀಮಸಿ ಬಂದ. ಹೊಲ ಮಾಡಿಕೊಂಡು, ಗಾಡಿ ಶರ್ಯತ್ತಿನಲ್ಲಿ ಓಡುವ ಎತ್ತು ಸಾಕಿಕೊಂಡಿರುವವನು, ನನ್ನ ಹಳೇ ದೋಸ್ತ. ನಾನು ಮಾತಾಡುವುದಿಲ್ಲ ಎಂದು ಗೊತ್ತಾದ ಕೂಡಲೇ ಅವನಿಗೆ ಹಬ್ಬ. ಮೂವತ್ತು ವರ್ಷ ನನ್ನ ಮಾತು ಕೇಳಿದ ಸೇಡನ್ನು ಒಂದೇ ತಾಸಿನಲ್ಲಿ ತೀರಿಸಿಕೊಂಡ. ನೀಲಿ ಕಾರು ಹಿಂದೆ ಬಿದ್ದರೆ ಮೇವು ಕಮ್ಮಿಯಾಗಿದೆ ಅಂದ. ಹಳದಿ ಕಾರು ತಿರುವಿನಲ್ಲಿ ಅಡ್ಡಾದಿಡ್ಡಿ ಹೋದರೆ ಎಡದೆತ್ತಿಗೆ ಬಲದೆತ್ತಿನ ಜೋಡಿ ಕೂಡಿಲ್ಲ ಅಂದ. ನಾನು ತಲೆ ಚಚ್ಚಿಕೊಂಡೆ. ಅದನ್ನು ಅವನು ಒಪ್ಪಿಗೆ ಎಂದು ತಿಳಿದ.

ಇಪ್ಪತ್ತೇಳು ನಾಲ್ಕನೇ ಜಾಗಕ್ಕೆ ನಿಂತಿತು. ಕೊನೆಯ ಐದು ನಿಮಿಷಕ್ಕೆ ಹೊಸ ಟೈರು ಹಾಕಿ ಬಿಟ್ಟಿದ್ದರೆ ಎರಡನೆಯದಾಗುತ್ತಿತ್ತು. ಪಟ್ಟಿ ಹದಿನಾಲ್ಕಾಯಿತು. ಇಷ್ಟು ಓದಿಸಿ, ಎಂಜಿನಿಯರಿಂಗ್ ಮಾಡಿಸಿ, ಇದನ್ನೂ ನಾನೇ ಹೇಳಬೇಕೇ?

ಸಂಜೆ ಆರೂವರೆಗೆ ಫೋನ್ ಬಂತು. ಒಮ್ಮೆ ಬಡಿದೆ. ಇವತ್ತು ಇಡ್ಲಿಯ ಸುದ್ದಿ ಇರಲಿಲ್ಲ. ನೇರ ವಿಷಯಕ್ಕೆ ಬಂದಳು. ಆಕೆಯ ಮಾತು ಹೇಗಿತ್ತೋ ಹಾಗೇ ಬರೆಯುತ್ತೇನೆ.

“ಅಪ್ಪಾ, ಒಂದ ಮಾತ ಚೆನ್ನೈ ರೇಸಿನಿಂದ ಹೇಳಬೇಕಂತ ಐತಿ. ನೀವು ನಡಬರಕ ಬಾಯಿ ಹಾಕ್ತೀರಿ ಅಂತ ಹೇಳಿರಲಿಲ್ಲ. ಅವತ್ತ ರಾಡಾರಿನ್ಯಾಗ ಮಳಿ ಹತ್ತ ನಿಮಿಷಕ್ಕ ನಿಂದರ್ತೈತಿ ಅಂತಿತ್ತು. ಹೊರಗ ಇಡೂದ ಬರೋಬರಿ ಇತ್ತು. ಆದ್ರ ಹಿಂದಿನ ದಿನಾ ನೀವ ಹೇಳಿದ್ರಿ, ಮೊದಲ ಹನಿಗೆ ಒಳಗ ಕರಿ ಅಂತ. ನಾ ರಾಡಾರ್ ಬಿಟ್ಟ ನಿಮ್ಮ ಮಾತ ಕೇಳಿದೆ. ಆಮ್ಯಾಲ ನೀವ ಫೋನ್ ಮಾಡಿ, ನಿನಗ ಯಾವ ಹುಚ್ಚ ಹೇಳಿದಾ ಅಂತ ಕೇಳಿದ್ರಿ. ಕೈಯಾಗ ನಟ್ಟ ಬಿಚ್ಚೂ ಪಾನಾ ಇತ್ತಂತ ಫೋನ್ ಸ್ಪೀಕರ್ ಮ್ಯಾಲ ಇಟ್ಟಿದ್ದೆ. ಗ್ಯಾರೇಜಿನ್ಯಾಗ ಎಲ್ಲಾರೂ ಕೇಳಿದ್ರು. ನಮ್ಮಪ್ಪ ಹೇಳಿದ್ರು ಅಂತ ಹೇಳಾಕ ನನಗ ಮನಸ ಬರಲಿಲ್ಲ.”

ಸುಳ್ಳು. ಶುದ್ಧ ಸುಳ್ಳು. ಮೂವತ್ತು ವರ್ಷ ರೇಸು ನೋಡಿದವನು ಅಂಥ ಮಾತು ಹೇಳುತ್ತೇನೆಯೇ? ಕಲ್ಲಿಗೆ ಎರಡೆರಡು ಸಲ ಬಡಿದೆ, ಇಲ್ಲ ಇಲ್ಲ ಎಂದು. ಬಡಿಯುತ್ತಲೇ ಇದ್ದೆ. ಲಕ್ಷ್ಮಿಬಾಯಿ ಒಳಗಿನಿಂದ ಓಡಿ ಬಂದಳು. ಅಷ್ಟರಲ್ಲಿ ಸ್ನೇಹಲ್ ಫೋನ್ ಇಟ್ಟಿದ್ದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತನ್ನ ತಪ್ಪನ್ನು ಅಪ್ಪನ ಮೇಲೆ ಹಾಕುವುದು ಸುಲಭ. ನಾನು ದಿನಾ ಬರೆಯುವವನು, ನನ್ನ ಹತ್ತಿರ ಪುರಾವೆ ಇದೆ. ಜುಲೈ ತಿಂಗಳದ್ದು ಇದೇ ನೋಟ್‌ಬುಕ್ಕಿನಲ್ಲಿದೆ. ತೆಗೆದು ನೋಡುತ್ತೇನೆ.

ಅದೇ ದಿನ

ಜುಲೈ 19, ಶನಿವಾರ. ನನ್ನದೇ ಕೈಬರಹ.

“ಸ್ನೇಹಲ್‌ಗೆ ಫೋನ್ ಮಾಡಿ ಖಡಕ್ಕಾಗಿ ಹೇಳಿದೆ: ನಾಳೆ ಮಳೆ ಬರುತ್ತದೆ, ಮೊದಲ ಹನಿಗೆ ಒಳಗ ಕರಿ, ರಾಡಾರು ಗೀಡಾರು ನೋಡಬೇಡ. ಹೂಂ ಅಂದಳು. ಮೂರು ಸಲ ಹೇಳಿಸಿಕೊಂಡೆ.”

ಕೆಳಗೆ ಗೆರೆ ಬೇರೆ ಎಳೆದಿದ್ದೇನೆ.

ಆಗಸ್ಟ್ 31, ರವಿವಾರ, ಬೆಳಿಗ್ಗೆ

ಪೂಜೆಗೆ ಹೋಗಿ ಬಂದೆ. ಯಾವ ಧರ್ಮದ ಬಗ್ಗೆ ಪ್ರವಚನವಾಯಿತೋ ತಲೆಗೆ ಹೋಗಲಿಲ್ಲ. ಮೊಬೈಲಿನಲ್ಲಿ “ನೀ ಹೇಳಿದ್ದು ಖರೆ” ಎಂದು ಬರೆದು ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಈ ಮೊಬೈಲಿನ ಕನ್ನಡ ಕೀಲಿಮಣೆ ಮಾಡಿದವನು ಯಾರೋ, ಒಂದು ಒತ್ತಕ್ಷರಕ್ಕೆ ಮೂರು ಸಲ ಒತ್ತಬೇಕು. ಅದೂ ಅಲ್ಲದೆ, ಹತ್ತು ಜನರಿಗೆ ಕೇಳುವ ಹಾಗೆ ಬಾಯಿಂದ ಒದರಿದ್ದನ್ನು ಎರಡು ಸಾಲು ಬರೆದು ತೀರಿಸುವುದು ನನಗೆ ಸರಿ ಕಾಣಲಿಲ್ಲ. ಬಾಯಿಂದ ಆಡಿದ್ದನ್ನು ಬಾಯಿಂದಲೇ ವಾಪಸು ತೆಗೆದುಕೊಳ್ಳಬೇಕು. ಬಾಯಿ ನಾಳೆತನಕ ಬಂದ್.

ಲಕ್ಷ್ಮಿಬಾಯಿ ಎರಡು ಸಲ ಬಂದು ಮುಖ ನೋಡಿ ಹೋದಳು. ಚಪಾತಿ ಎರಡೇ ತಿಂದೆನಂತೆ.

ಸಂಜೆ

ರೇಸಿನ ಬಗ್ಗೆ ಬರೆಯುತ್ತೇನೆ. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಮೂವತ್ತನಾಲ್ಕು ಸುತ್ತು. ವಿಕ್ರಾಂತ ಹೊರಟಿದ್ದು ಚೆನ್ನಾಗಿತ್ತು, ಮೊದಲ ತಿರುವಿನಲ್ಲೇ ಮೂರನೆಯವನಾದ. ಹದಿನೈದನೇ ಸುತ್ತಿನಲ್ಲಿ ಹಳದಿ ಕಾರನ್ನು ಒಳಗಡೆಯಿಂದ ದಾಟಿ ಎರಡಕ್ಕೆ ಬಂದ. ಇವತ್ತೂ ಬಂದು ಪಕ್ಕಕ್ಕೆ ಕೂತಿದ್ದ ಭೀಮಸಿ ನನ್ನ ತೊಡೆಗೆ ಹೊಡೆದ. ಹತ್ತೊಂಬತ್ತನೇ ಸುತ್ತಿನಲ್ಲಿ ಕ್ಯಾಮೆರಾದ ಗಾಜಿನ ಮೇಲೆ ಮೊದಲ ಹನಿ ಬಿತ್ತು.

ಮುಂದಿದ್ದ ಬಿಳಿ ಕಾರು ಒಳಗೆ ಹೋಯಿತು. ಹಳದಿಯೂ ಹೋಯಿತು. ಇಪ್ಪತ್ತೇಳು ಹೊರಗೇ ಉಳಿಯಿತು. ಪರದೆಯ ಮೇಲೆ ಒಂದು ಗಳಿಗೆ ಸ್ನೇಹಲ್ ಕಂಡಳು. ಗೋಡೆಗೆ ಕೂತು, ತಲೆಗೆ ಹೆಡ್‌ಫೋನು, ಕೈ ಬಾಯಿಯ ಮುಂದೆ. ಆಕಾಶ ನೋಡುತ್ತಿರಲಿಲ್ಲ, ಎದುರಿನ ಪರದೆ ನೋಡುತ್ತಿದ್ದಳು.

“ಶಾಂತಣ್ಣಾರ, ಬಾಯಿ ಬ್ಯಾಡ, ಕೈಯರ ಮಾಡ್ರಿ. ಒಳಗೋ ಹೊರಗೋ?” ಅಂದ ಭೀಮಸಿ.

ನಾನು ಕೈ ಮಾಡಲಿಲ್ಲ. ನಿಯಮಕ್ಕೆ ಹೆದರಿ ಅಲ್ಲ. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಪ್ರತಿ ತಿರುವಿಗೂ ಒಂದು ಅಭಿಪ್ರಾಯವಿದ್ದವನಿಗೆ ಒಳಗೋ ಹೊರಗೋ ಗೊತ್ತಾಗಲಿಲ್ಲ. ಇಷ್ಟು ದೂರ ಕಟ್ಟೆಗೆ ಕೂತು ಗೊತ್ತಾಗುವುದಾದರೂ ಹೇಗೆ?

ಮಳೆ ನಿಲ್ಲಲಿಲ್ಲ. ಜೋರಾಯಿತು. ವಿಕ್ರಾಂತ ಮೂರನೇ ತಿರುವಿನಲ್ಲಿ ಹುಲ್ಲಿಗೆ ಇಳಿದು ಹೇಗೋ ವಾಪಸು ಬಂದ. ನಾಲ್ಕು ಸುತ್ತು ಕಾದ ಮೇಲೆ ಸ್ನೇಹಲ್ ಒಳಗೆ ಕರೆದಳು. ಹೊರಗೆ ಬರುವಾಗ ಒಂಬತ್ತನೇ ಸ್ಥಾನ. ಕೊನೆಗೆ ಆರನೆಯವನಾಗಿ ಮುಗಿಸಿದ. ಮೊದಲ ಹನಿಗೇ ಒಳಗೆ ಹೋದ ಬಿಳಿ ಕಾರು ಗೆದ್ದಿತು.

ಅಂದರೆ ಈ ಸಲ ನನ್ನ ಮಾತು ಕೇಳಿದ್ದರೆ ಗೆಲ್ಲುತ್ತಿದ್ದಳು. ಜುಲೈಯಲ್ಲಿ ತಪ್ಪಾದ ಮಾತು ಆಗಸ್ಟಿನಲ್ಲಿ ಸರಿಯಾಯಿತು, ಆದರೆ ಅದನ್ನು ಹೇಳುವ ಬಾಯಿ ಹೆಂಡತಿಯ ಕೃಪೆಯಿಂದ ಬಂದ್. ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ನರಕದಲ್ಲೂ ಇರಲಾರದು. ಪಟ್ಟಿಗೆ ಹದಿನೈದನೆಯದಾಗಿ ಬರೆದೆ: ಮೊದಲ ಹನಿ. ಕೆಳಗೆ ಗೆರೆ ಎಳೆಯಲು ಹೋಗಿ ಬಿಟ್ಟೆ.

ಫೋನ್ ಬರುವುದಿಲ್ಲ ಎಂದುಕೊಂಡಿದ್ದೆ. ಆರೂ ಮುಕ್ಕಾಲಿಗೆ ಬಂತು. ದನಿ ದಣಿದಿತ್ತು, ಆದರೆ ಅಳುವ ದನಿ ಅಲ್ಲ.

“ಆರನೇ ನಂಬರ್ ಅಪ್ಪಾ. ನೋಡಿರಬೇಕಲ್ರಿ. ರಾಡಾರ್ ನೋಡಿ ನಿಂದರ್ತೈತಿ ಅಂತ ನಾನ ಹೇಳಿದೆ, ನಿಂದರಲಿಲ್ಲ. ಟೀಮಿನ ಮಾಲಕರ ಮುಂದ ಹಂಗ ಹೇಳೀನಿ. ಆದ್ರ ಈ ತಪ್ಪ ನಂದ್ರೀ. ಯಾರ ಹೇಳಿದ್ದೂ ಅಲ್ಲ.”

ಒಮ್ಮೆ ಬಡಿದೆ. ಅದಕ್ಕಿಂತ ಹೆಚ್ಚು ಹೇಳಲು ಕಲ್ಲಿಗೆ ಬರುವುದಿಲ್ಲ.

ಆಮೇಲೆ ಬಹಳ ಹೊತ್ತು ಮಾತಾಡಿದಳು. ವಿಕ್ರಾಂತ ಕಾರಿನಿಂದ ಇಳಿದವನು ಬಯ್ಯಲಿಲ್ಲವಂತೆ, ಮುಂದಿನ ಸಲ ಬೇಗ ಕರಿ ಅಂದನಂತೆ. ಅವನಿಗೆ ಹುಲ್ಲಿಗೆ ಇಳಿದಾಗ ಹೆದರಿಕೆಯಾಗಿತ್ತಂತೆ, ಆಕೆಗೆ ಅದಕ್ಕಿಂತ ಹೆಚ್ಚು. ಇಪ್ಪತ್ತೈದು ವರ್ಷದ ಹುಡುಗನ ಜೀವ ತನ್ನ ಒಂದು ಮಾತಿನ ಮೇಲಿರುತ್ತದೆ ಎಂದು ಇವತ್ತು ಮೈಗೆ ತಟ್ಟಿತು ಅಂದಳು. ನನಗೆ ಅದು ಇಲ್ಲಿಯತನಕ ತಟ್ಟಿರಲಿಲ್ಲ.

ಕೊನೆಗೆ, “ನಾಳೆ ನಿಮ್ಮ ನಿಯಮ ಮುಗೀತೈತಲ್ರಿ,” ಅಂದಳು. ನಾನು ಬಡಿಯುವ ಮುಂಚೆಯೇ, “ಹಂಗಾರ ಇಡ್ತೀನ್ರಿ,” ಎಂದು ಇಟ್ಟಳು. ನಾಳೆ ಮಾಡುತ್ತೇನೆ ಅನ್ನಲಿಲ್ಲ.

ಲಕ್ಷ್ಮಿಬಾಯಿ ಪಾತ್ರೆ ಒರೆಸುತ್ತಾ, ಮೌನವನ್ನು ಹತ್ತು ದಿನಕ್ಕೆ ಏರಿಸಲು ಬರುತ್ತದೇನು ಎಂದು ಸ್ನೇಹಲ್ ನಿನ್ನೆ ಕೇಳಿದಳೆಂದು ಹೇಳಿದಳು. ತಮಾಷೆಗೆ ಕೇಳಿದಳು ಎಂದೂ ಮೆಲ್ಲಗೆ ಸೇರಿಸಿದಳು. ತಮಾಷೆಯ ಮಾತನ್ನು ಯಾರೂ ಅಷ್ಟು ಮೆಲ್ಲಗೆ ಹೇಳುವುದಿಲ್ಲ.

ಸೆಪ್ಟೆಂಬರ್ 1, ಸೋಮವಾರ

ಸೂರ್ಯ ಹುಟ್ಟಿದ ಮೇಲೆ ಬಸದಿಗೆ ಹೋಗಿ ಮಹಾರಾಜರಿಗೆ ನಮೋಸ್ತು ಅಂದೆ. ಮೂರು ದಿನದ ಬಾಯಿ, ತುಕ್ಕು ಹಿಡಿದ ಚಿಲಕದಂತಾಗಿತ್ತು. ಹೇಗಿತ್ತು ಎಂದು ಕೇಳಿದರು. ಕಷ್ಟವಿತ್ತು ಅಂದೆ. ಯಾವುದು ಕಷ್ಟ, ಮಾತಾಡದೆ ಇರುವುದೋ ಕೇಳುವುದೋ ಎಂದರು. ಇವರಿಗೂ ಪ್ರಶ್ನೆಯ ಮೇಲೆ ಪ್ರಶ್ನೆ. ಗಾಡಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ನನಗೆ ಯಾವ ಗಾಡಿಯೂ ಇರಲಿಲ್ಲ.

ದಾರಿಯಲ್ಲಿ ಇಬ್ಬರು ಅಡ್ಡ ಹಾಕಿ ರೇಸಿನ ಬಗ್ಗೆ ಕೇಳಿದರು. ಅವರಿಗೆ ಉತ್ತರ ಕೊಟ್ಟರೆ ಮೊದಲ ಹನಿಯ ಮಾತು ಬಂದೇ ಬರುತ್ತದೆ. ಅಂಗಡಿ ತೆಗೆಯಬೇಕು ಅಂದೆ. ಅಂಗಡಿ ತೆಗೆಯದೆ ಮನೆಗೆ ಬಂದು, ಕಟ್ಟೆಗೆ ಕೂತು, ಫೋನ್ ಮಾಡಿದೆ. ನಲವತ್ತಮೂರು ದಿನದಿಂದ ಆಕೆ ಎತ್ತದ ಫೋನ್. ಆರನೇ ಸಲ ರಿಂಗಾದ ಮೇಲೆ ಎತ್ತಿದಳು.

“ಹೇಳ್ರಿ,” ಅಂದಳು. ಕರೆಂಟ್ ಆಫೀಸಿನವರು ಫೋನ್ ಎತ್ತಿದಾಗ ಹೀಗೇ ಅನ್ನುತ್ತಾರೆ.

ಹಿಂದಿನ ಪುಟದ ಪಟ್ಟಿ ತೊಡೆಯ ಮೇಲಿತ್ತು. ಹದಿನೈದನೆಯದು ನಾಲಿಗೆಯ ತುದಿಯಲ್ಲಿತ್ತು. ದೇವರಾಣೆ, ಇಷ್ಟು ಕಷ್ಟಪಟ್ಟು ನಾನು ಯಾವ ಮಾತನ್ನೂ ನುಂಗಿಲ್ಲ.

“ಸ್ನೇಹಲ್, ಜುಲೈದಾಗ ಮೊದಲ ಹನಿಗೆ ಒಳಗ ಕರಿ ಅಂತ ಹೇಳಿದಾಂವ ನಾನ ಅದೇನಿ. ಡೈರ್ಯಾಗ ಬರದೈತಿ. ಮೂರ ಸಲ ಹೇಳಸೀನಿ. ಮಂದಿ ಮುಂದ ನಿನ್ನ ಬೈದಿದ್ದ ತಪ್ಪ ಆತವ್ವಾ.”

ನೆಟ್‌ವರ್ಕ್ ಹೋಯಿತೆಂದು ಎದ್ದು ಬಾಗಿಲ ತನಕ ಬಂದೆ. ಹಲೋ ಹಲೋ ಅಂದೆ. ನೆಟ್‌ವರ್ಕ್ ಇತ್ತು. ಮೂಗು ಸೀಟಿದ ಸಪ್ಪಳ ಬಂತು.

“ನೀವು ಮರತಬಿಟ್ಟಿದ್ರಲ್ರಿ ಅಪ್ಪಾ,” ಅಂದಳು. “ಅದ ನನ್ನ ಮನಸಿಗೆ ಭಾಳ ಹತ್ತಿತ್ತು.”

ಹೂಂ ಅಂದೆ.

“ನಿನ್ನೆ ರೇಸಿಂದು ಏನೂ ಅನ್ನೂದಿಲ್ಲಾ?” ಎಂದು ಕೇಳಿದಳು. ಹೊಡೆತಕ್ಕೆ ಮೈ ಬಿಗಿ ಮಾಡಿಕೊಂಡವರ ದನಿ ಅದು. ನನ್ನ ಮಗಳು ನನ್ನ ಮಾತಿಗೆ ಮೈ ಬಿಗಿ ಮಾಡಿಕೊಳ್ಳುತ್ತಾಳೆ.

“ನಿನ್ನೇದ ನೀ ಹೇಳವ್ವಾ, ನಾ ಕೇಳ್ತೀನಿ,” ಅಂದೆ.

ಎಷ್ಟು ಹೊತ್ತು ಮಾತಾಡಿದಳೋ ನೋಡಲಿಲ್ಲ. ಅಂಗಡಿ ಹನ್ನೊಂದಕ್ಕೆ ತೆಗೆದೆ. ಚಾ ಆರಿಹೋಗಿತ್ತು, ಲಕ್ಷ್ಮಿಬಾಯಿ ಬಯ್ಯದೆ ಮತ್ತೊಂದು ಕೊಟ್ಟಳು. ಅದರಲ್ಲಿ ಸಕ್ಕರೆ ಕಡಿಮೆ.

ಸೆಪ್ಟೆಂಬರ್ 3, ಬುಧವಾರ

ಸ್ನೇಹಲ್ ನಿನ್ನೆ ತಾನೇ ಫೋನ್ ಮಾಡಿದ್ದಳು. ಅಕ್ಟೋಬರಿನಲ್ಲಿ ಚೆನ್ನೈಯಲ್ಲಿ ಮತ್ತೆ ರೇಸಿದೆ, ಬರ್ರಿ, ಗ್ಯಾರೇಜಿನಲ್ಲೇ ನಿಲ್ಲಿಸುತ್ತೇನೆ ಅಂದಳು. ಬಂದವರಿಗೆ ಒಂದು ಹೆಡ್‌ಫೋನ್ ಕೊಡುತ್ತಾರಂತೆ. ಡ್ರೈವರ್ ಹೇಳಿದ್ದು, ಆಕೆ ಹೇಳಿದ್ದು, ಎಲ್ಲಾ ಕೇಳಿಸುತ್ತದಂತೆ. ಮಾತಾಡುವ ಸೌಲಭ್ಯ ಮಾತ್ರ ಅದಕ್ಕೆ ಇಲ್ಲವಂತೆ. ಇಂಥ ಅರ್ಧಂಬರ್ಧ ಯಂತ್ರ ಯಾರು ಮಾಡಿದರೋ.

ಭೀಮಸಿ ತಾನೂ ಬರುತ್ತೇನೆ ಅಂದ. ಬೇಡ ಅಂದೆ. ಅವನು ಬಾಯಿ ಮುಚ್ಚುವವನಲ್ಲ.

ಇವತ್ತು ಅಂಗಡಿ ಬಂದ್ ಮಾಡಿ ರಾಯಬಾಗ ಸ್ಟೇಷನ್ನಿಗೆ ಹೋದೆ. ಬೆಂಗಳೂರಿನತನಕ ಒಂದು ಗಾಡಿ, ಅಲ್ಲಿಂದ ಚೆನ್ನೈಗೆ ಮತ್ತೊಂದು. ಕಿಟಕಿಯೊಳಗಿನವನು ಒಂದು ತಿಂಗಳು ಮುಂಚೆ ಬಂದರೂ ವೇಟಿಂಗ್ ಲಿಸ್ಟ್ ನಾಲ್ಕು ಎಂದು ಬರೆದು ಕೊಟ್ಟ. ಈ ರೈಲ್ವೆಯವರಿಗೆ ಬುದ್ಧಿ ಯಾವಾಗ ಬರುತ್ತದೋ. ಸೀಟು ಆಗದಿದ್ದರೆ ನಿಂತೇ ಹೋಗುತ್ತೇನೆ.